ಸೊಪ್ಪು ಹೋದ ಡಬ್ಬಿ, ಸಕ್ಕರೆ ಬಂದ ಡಬ್ಬಿ

ಹೋದ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಅತ್ತೆಗೆ ಬಿಸಿನೀರು ಕೊಟ್ಟೆ, ನಮ್ಮವರಿಗೆ ಸಕ್ಕರೆ ಇಲ್ಲದ ಚಹಾ. ದೋಸೆ ಹಿಟ್ಟು ಉಕ್ಕಿ ಕಟ್ಟೆಯೆಲ್ಲ ಚೆಲ್ಲಿತ್ತು, ಒರೆಸಿದೆ. ತೋಟಕ್ಕೆ ಹೋಗಿ ಎರಡು ಸಾಲು ಹರಿವೆ ಕಿತ್ತೆ, ಬೆಂಡೆಕಾಯಿ ಕೊಯ್ದೆ. ಅಲಸಂದೆ ಬಳ್ಳಿಗೆ ಕಪ್ಪು ಹೇನು ಮತ್ತೆ ಮುತ್ತಿದ್ದು ನೋಡಿ ಬೈದೆ (ಹೇನಿಗೆ. ನಮ್ಮವರಿಗೆ ಬೈದದ್ದು ಆಮೇಲೆ, ಅದು ಗುರುವಾರ). ಮನೆಗೆ ಬಂದು ಸೊಪ್ಪು ಬಿಡಿಸಿದೆ. ಹತ್ತು ಗಂಟೆಗೆ ಒಂದು ಪಾಲು ಸೊಪ್ಪನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಹಿಂದಿನ ಓಣಿಯ ಹಾಲಮ್ಮನ ಮನೆಗೆ ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ತೆಗೆಯಲಿಲ್ಲ.

ಮನೆಯಲ್ಲಿ ಜನ ಇರಲಿಲ್ಲವೇ? ಇದ್ದರು. ಒಳಗೆ ಟಿವಿ ಓಡುತ್ತಿತ್ತು. ನಾನು ತಟ್ಟಿದ ಮರುಕ್ಷಣ ಅದು ಆಫ್ ಆಯಿತು.

ಬಾಗಿಲ ಮುಂದೆ ಡಬ್ಬಿ ಹಿಡಿದು ನಿಂತವಳಿಗೆ ಒಳಗಿನ ಸದ್ದು ನಿಲ್ಲುವುದು ಕೇಳಿಸಿದರೆ ಹೇಗಾಗುತ್ತದೆ ಹೇಳಿ. ಇನ್ನೊಂದು ಸಲ ತಟ್ಟಿದೆ. ಬೀದಿಯ ನಾಯಿ ಮಾತ್ರ ಬಂದು ಮೂಸಿತು. ಡಬ್ಬಿ ಸಮೇತ ವಾಪಸ್ ಬಂದೆ.

ತೋಟದ ವಿಷಯ ನಿಮಗೆ ಗೊತ್ತು. ಹೋದ ಮಳೆಗಾಲದಲ್ಲಿ ಇದೇ ಅಂಕಣದಲ್ಲಿ ಬರೆದು ತಲೆ ತಿಂದಿದ್ದೆ. ಹೊಸಬರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಶಿಕಾರಿಪುರದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಒಂದಿದೆ. ಪಾರ್ಕ್ ಬರಲಿಲ್ಲ, ಪಾರ್ಥೇನಿಯಂ ಬಂತು. ಕೇಳಬೇಕಾದವರನ್ನು ಕೇಳಿ, ಅರ್ಜಿ ಕೊಟ್ಟು, ಎಂಟು ಮನೆಯವರು ಸೇರಿ ಅಲ್ಲಿ ತರಕಾರಿ ಹಾಕಿದೆವು. ಮುಂದೆ ನಿಂತವರು ರತ್ನಕ್ಕ. ನಿವೃತ್ತ ಮೇಷ್ಟ್ರಮ್ಮ. ಬದನೆ ಗಿಡವೂ ಅವರೆದುರು ನೆಟ್ಟಗೆ ನಿಲ್ಲುತ್ತದೆ.

ಯಾಕೆ ಬೇಕಿತ್ತು ಇದು? ನಮ್ಮ ಸುತ್ತ ನೋಡಿ. ಗದ್ದೆ, ಗೋವಿನಜೋಳ, ಶುಂಠಿ. ಹಸಿರಿಗೇನೂ ಬರವಿಲ್ಲ. ಆದರೆ ನಮ್ಮ ಬಡಾವಣೆಯ ಅಂಗಡಿಗೆ ಕೊತ್ತಂಬರಿ ಸೊಪ್ಪು ಬರುವುದು ಎಲ್ಲಿಂದಲೋ, ಲಾರಿಯಲ್ಲಿ. ಬಂದು ಮುಟ್ಟುವಷ್ಟರಲ್ಲಿ ಅದು ನನಗಿಂತ ಹೆಚ್ಚು ದಣಿದಿರುತ್ತದೆ. ಸಂತೆಯ ದಿನ ತಾಜಾ ಸಿಗುತ್ತದೆ, ನಿಜ. ಆದರೆ ಸಂತೆ ವಾರಕ್ಕೆ ಒಂದೇ. ಹೊಟ್ಟೆ ದಿನಾ ಕೇಳುತ್ತದಲ್ಲ?

ನಮ್ಮ ನಿಯಮ ಸರಳ. ದಿನಕ್ಕೊಂದು ಮನೆಯ ಪಾಳಿ. ಮನೆ ಎಂಟು, ದಿನ ಏಳು; ಹಾಗಾಗಿ ಭಾನುವಾರ ನಾವೂ ರತ್ನಕ್ಕನೂ ಜೊತೆಗೆ. ಔಷಧಿ ಹೊಡೆಯುವಂತಿಲ್ಲ. ಕೊಯ್ದದ್ದನ್ನು ಒಂಬತ್ತು ಪಾಲು ಮಾಡುವುದು. ಎಂಟು ನಮ್ಮವು. ಒಂಬತ್ತನೆಯದು ಯಾರಿಗೆ ಬೇಕೋ ಅವರಿಗೆ.

ಈ ಸಲ ಬೇಕಾದದ್ದು ಹಾಲಮ್ಮನ ಮನೆಗೆ.

ಹಾಲಮ್ಮ, ಅವಳ ಗಂಡ ಇಬ್ಬರೂ ಕೂಲಿಗೆ ಹೋಗುವವರು. ಶುಂಠಿ ಹೊಲ, ಜೋಳದ ಹೊಲ, ಎಲ್ಲಿ ಕರೆದರೆ ಅಲ್ಲಿ. ಮಗಳು ಕವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತುಂಬಿದೆ. ಓಣಿಗೆ ಬರುವ ಆಶಾ ಕಾರ್ಯಕರ್ತೆ ಮಂಜುಳಾ ಒಂದು ದಿನ ನಮ್ಮ ತೋಟದ ಬೇಲಿ ಹಿಡಿದು ನಿಂತು ಹೇಳಿದ್ದಳು:

"ಅಕ್ಕಾ, ಆ ಹುಡುಗಿಗೆ ರಕ್ತ ಭಾಳ ಕಮ್ಮಿ ಐತಿ. ಮಾತ್ರೆ ಕೊಟ್ಟೀನಿ. ಬರೀ ಮಾತ್ರೆ ನುಂಗಿದ್ರೆ ಆಗಲ್ಲ, ಊಟನೂ ಹಂಗೇ ಇರ್ಬೇಕು. ಸೊಪ್ಪು, ಕಾಳು ತಿನ್ನು ಅಂದ್ರೆ ನಗ್ತಾಳೆ. ಅನ್ನ, ಸಾರು, ಅಷ್ಟೇ ನಡೀತಿದೆ ಆ ಮನ್ಯಾಗೆ."

ನಾನು ಅಲ್ಲೇ ನಿರ್ಧಾರ ಮಾಡಿಬಿಟ್ಟೆ. ದಿನ ಬಿಟ್ಟು ದಿನ ಸೊಪ್ಪು ಆ ಮನೆಗೆ ಹೋಗಬೇಕು. ಹರಿವೆ, ಮೆಂತ್ಯ, ನುಗ್ಗೆ, ಯಾವುದಾದರೂ ಸರಿ. ಹೋಗಲೇಬೇಕು.

ಹೋಯಿತು. ಬರೀ ಸೊಪ್ಪಲ್ಲ, ಬಿಡಿಸಿ ತೊಳೆದ ಸೊಪ್ಪು, ನನ್ನ ಒಳ್ಳೆಯ ಸ್ಟೀಲ್ ಡಬ್ಬಿಯಲ್ಲಿ. ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರೆ ಏನಂದುಕೊಳ್ಳುತ್ತಾರೆ? ನಾಲ್ಕು ಜನಕ್ಕೆ ಕೊಡುವಾಗ ನೀಟಾಗಿ ಕೊಡಬೇಕು. ಇದು ನನ್ನ ತಾಯಿ ಕಲಿಸಿದ್ದು.

ಮೊದಲ ಸಲ ಡಬ್ಬಿ ವಾಪಸ್ ಬಂದಾಗ ಒಳಗೆ ಎರಡು ಬಾಳೆಹಣ್ಣು. ಎರಡನೇ ಸಲ ಮಂಡಕ್ಕಿ. ಮೂರನೇ ಸಲ ಅಂಗೈಯಷ್ಟು ಬೆಲ್ಲ. ಆಮೇಲೆ ಒಂದು ಹಿಡಿ ಸಕ್ಕರೆ. ಮತ್ತೆ ಸಕ್ಕರೆ. ನಿಮ್ಮ ಮನೆಯಲ್ಲೂ ಹೀಗೇ ತಾನೇ? ಪಕ್ಕದ ಮನೆಯ ಪಾತ್ರೆ ಖಾಲಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಒಂದು ಎಸಳು ಹೂವು. ನಾನು ಡಬ್ಬಿ ತೆರೆದು ಖುಷಿಪಟ್ಟೆ. 'ನೋಡಿ, ಎಷ್ಟು ಮರ್ಯಾದೆ ಇಟ್ಟುಕೊಂಡ ಜನ' ಎಂದು ನಮ್ಮವರ ಮುಂದೆ ಹೊಗಳಿದೆ. ಸಕ್ಕರೆಯನ್ನು ನನ್ನ ಡಬ್ಬಕ್ಕೆ ಸುರಿದುಕೊಂಡೆ. ಡಬ್ಬಿ ತೊಳೆದು ಮತ್ತೆ ಸೊಪ್ಪು ತುಂಬಿದೆ.

ಹೀಗಿರುವಾಗ ಆ ಭಾನುವಾರ ಬಾಗಿಲು ಮುಚ್ಚಿತು.

ಮಂಗಳವಾರ ಬೇರೆ ಉಪಾಯ ಮಾಡಿದೆ. ತಟ್ಟುವುದೇ ಬೇಡ ಎಂದು ಮೆಂತ್ಯ ಸೊಪ್ಪನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದೆ. ಸಂಜೆ ಆ ಕಡೆ ಹೋದಾಗ ನೋಡಿದರೆ ಕವರ್ ಅಲ್ಲೇ ಇತ್ತು. ಸೊಪ್ಪು ಬೆವತು, ಬಾಡಿ, ಮುದ್ದೆಯಾಗಿತ್ತು.

ಬುಧವಾರ ಸಂಜೆ ತೋಟದ ಮೀಟಿಂಗ್. (ಮೀಟಿಂಗ್ ಅಂದರೆ ಎಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಚಹಾ.) ಮೊದಲ ವಿಷಯ ಅಲಸಂದೆಯ ಹೇನು. ಬೇವಿನೆಣ್ಣೆ ಹೊಡೆದಾಯಿತು, ಸೋಪಿನ ನೀರು ಆಯಿತು, ಎರಡೇ ದಿನಕ್ಕೆ ಮತ್ತೆ ಹಾಜರು. ಎರಡನೆಯ ವಿಷಯ ಒಂಬತ್ತನೇ ಪಾಲು.

"ಬಾಗಿಲು ಹಾಕ್ಕೊಂಡವ್ರ ಮನೆಗೆ ಸೊಪ್ಪು ಹೊತ್ಕೊಂಡು ಹೋಗಿ ಎಷ್ಟು ದಿನ ನಿಲ್ತೀಯ ಸುಮಾ?" ರತ್ನಕ್ಕ ಕೇಳಿದರು. "ಕಷ್ಟಪಟ್ಟು ಬೆಳೆದಿದ್ದು ಚಿಲಕದಲ್ಲಿ ಕೊಳೀತಾ ಇದೆ. ಮುಂದಿನ ಬೀದಿಗೆ ಬಾಡಿಗೆಗೆ ಬಂದಿದಾರಲ್ಲ, ಅವ್ರು ಕೇಳ್ತಿದಾರೆ. ಅವ್ರಿಗೆ ಕೊಡೋಣ."

"ಮಂಜುಳಾ ಹೇಳಿದ್ದು ಮರೆತ್ರಾ ಅಕ್ಕಾ? ಆ ಹುಡುಗಿಗೆ ಬೇಕು."

"ಬೇಕಾದವ್ರು ಬಾಗಿಲು ತೆಗೀತಾರೆ. ಮುಂದಿನ ಬುಧವಾರದವರೆಗೆ ನೋಡೋಣ. ಆಮೇಲೆ ಪಾಲು ಬದಲು."

ಎಲ್ಲರೂ ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಯಾರ ಮೇಲೆ? ರತ್ನಕ್ಕನ ಮೇಲೋ, ಹಾಲಮ್ಮನ ಮೇಲೋ? ನಿಜ ಹೇಳಲೇ? ಹಾಲಮ್ಮನ ಮೇಲೆ. 'ಅಷ್ಟು ಚೆನ್ನಾಗಿ ಬಿಡಿಸಿ ಕೊಟ್ಟರೂ ಇಷ್ಟು ಧಿಮಾಕೇ?' ಎಂದು ಒಳಗೊಳಗೇ ಅಂದುಕೊಂಡೆ. ಅಂದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದು ಓದಿದ ಮೇಲೆ ನೀವೂ ನನಗೆ ಎರಡು ಮಾತು ಅನ್ನಬೇಕು.

ಗುರುವಾರ ಬೆಳಿಗ್ಗೆ ಅತ್ತೆಗೆ ಚಹಾ ಮಾಡಲು ಸಕ್ಕರೆ ಡಬ್ಬ ತೆಗೆದರೆ ತಳ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಸಕ್ಕರೆ ಮುಟ್ಟುವವರು ಇಬ್ಬರೇ, ನಾನು ಮತ್ತು ಅತ್ತೆ. ತಂದು ಎರಡು ವಾರ ಆಗಿಲ್ಲ. ನನ್ನ ಅನುಮಾನ ನೇರ ನಮ್ಮವರ ಮೇಲೆ ಹೋಯಿತು. ಹೋಗಬೇಕಾದದ್ದೇ. ಶುಗರ್ ಮಾತ್ರೆ ನುಂಗುವ ಕೈಯಲ್ಲೇ ಮೈಸೂರುಪಾಕು ಬಚ್ಚಿಟ್ಟು ಸಿಕ್ಕಿಬಿದ್ದ ದಾಖಲೆ ಇದೆ.

"ರೀ, ಸಕ್ಕರೆ ಎಲ್ಲಿ ಹೋಯ್ತು?"

"ನನ್ನ ಕೇಳಿದ್ರೆ?"

"ನಿಮ್ಮನ್ನಲ್ದೆ ಇರುವೆನ ಕೇಳ್ಲಾ?"

"ಇರುವೆನೇ ಕೇಳು. ಅದ್ರ ಮೇಲಾದ್ರೂ ನಿಂಗೆ ನಂಬಿಕೆ ಇದೆ."

ಹತ್ತು ನಿಮಿಷ ಬೈದೆ. ಅವರು ಪೇಪರ್ ಹಿಂದೆ ಕೂತು ಕೇಳಿಸಿಕೊಂಡರು. ಆಗ ಜಗಲಿಯಿಂದ ಅತ್ತೆಯ ಧ್ವನಿ. ಅತ್ತೆ ಸೊರಬದ ಕಡೆಯವರು, ಆನವಟ್ಟಿ ಹತ್ತಿರದ ಹಳ್ಳಿ. ಮದುವೆಯಾಗಿ ಈ ಕಡೆ ಬಂದು ಐವತ್ತು ವರ್ಷ ದಾಟಿದರೂ ಮಾತು ಅಲ್ಲೇ ಇದೆ.

"ಅವನ್ನ ಎಂತಕ್ಕೆ ಬೈತೆ ಮಾರಾಯ್ತಿ? ಸಕ್ರೆ ಹಾಲಮ್ಮ ತಗಂಡ್ ಹೋಗಿದ್ದು."

"ಹಾಲಮ್ಮನಾ? ಯಾವಾಗ?"

"ನೀ ತೋಟಕ್ಕೆ ಹೋದಾಗ. ಎರಡ್ ಸಲ ಬಂದಿದ್ಲು. ಒಂದೊಂದ್ ಲೋಟ ಕೊಟ್ಟೆ."

"ನಂಗೆ ಹೇಳ್ಲೇ ಇಲ್ವಲ್ಲ ಅತ್ತೆ!"

"ಒಂದ್ ಲೋಟ ಸಕ್ರೆ ಕೊಟ್ಟಿದ್ದಕ್ಕೆ ಡಂಗುರ ಹೊಡೀಬೇಕಿತ್ತಾ?"

ನಾನು ಡಬ್ಬದ ಮುಚ್ಚಳ ಹಿಡಿದು ನಿಂತುಬಿಟ್ಟೆ. ಎರಡು ಸಲ. ಡಬ್ಬಿಯಲ್ಲಿ ಸಕ್ಕರೆ ಬಂದದ್ದೂ ಎರಡು ಸಲ.

ಅಂದರೆ ಹಾಲಮ್ಮ ನಮ್ಮ ಮನೆಯಿಂದಲೇ ಸಕ್ಕರೆ ಒಯ್ದು, ಅದರಲ್ಲೇ ಒಂದು ಹಿಡಿಯನ್ನು ನಮ್ಮದೇ ಡಬ್ಬಿಗೆ ಹಾಕಿ, ನಮಗೇ ಕೊಟ್ಟಿದ್ದಳು. ನಾನು ಅದನ್ನು ನನ್ನ ಡಬ್ಬಕ್ಕೆ ಸುರಿದುಕೊಂಡು ಅವಳ ಮರ್ಯಾದೆಯನ್ನು ಹೊಗಳಿದ್ದೆ. ಅದಕ್ಕೂ ಮೊದಲು ಬಂದ ಬೆಲ್ಲ ಅವರ ಮನೆಯ ಕೊನೆಯ ತುಂಡಿರಬಹುದು. ಬಾಳೆಹಣ್ಣು? ಅದು ಬಸುರಿ ಹುಡುಗಿಗೆಂದು ತಂದದ್ದಿರಬೇಕು. ನಮ್ಮವರು ಅದನ್ನು ಊಟದ ಮೇಲೆ ತಿಂದು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿದ್ದರು.

ಮೂರನೇ ಸಲ ಬಂದು ಸಕ್ಕರೆ ಕೇಳಲು ಅವಳಿಗೆ ಮನಸ್ಸಾಗಲಿಲ್ಲ. ಖಾಲಿ ಡಬ್ಬಿ ಕೊಡಲೂ ಮನಸ್ಸಾಗಲಿಲ್ಲ. ಉಳಿದ ದಾರಿ ಒಂದೇ, ಟಿವಿ ಆಫ್ ಮಾಡುವುದು.

ರಕ್ತ ಕಡಿಮೆ ಇರುವ ಹುಡುಗಿಯ ಮನೆಗೆ ನಾನು ದಿನ ಬಿಟ್ಟು ದಿನ ಹೋಗಿ ವಸೂಲಿ ಮಾಡಿಕೊಂಡು ಬರುತ್ತಿದ್ದೆ, ಅದೂ ನಗುನಗುತ್ತಾ. ಇದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಅಂದು ಸಂಜೆ ಹಾಲಮ್ಮ ಕೂಲಿಯಿಂದ ಬರುವ ಹೊತ್ತಿಗೆ ಅವರ ಮನೆಗೆ ಹೋದೆ. ಮುಂಬಾಗಿಲಿಗಲ್ಲ, ಹಿತ್ತಿಲ ಕಡೆಯಿಂದ. ಕೈಯಲ್ಲಿ ಡಬ್ಬಿ ಇರಲಿಲ್ಲ. ಹಾಲಮ್ಮ ಬಚ್ಚಲ ಒಲೆಗೆ ಜೋಳದ ದಂಟು ತುರುಕಿ ಮಗಳ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ನನ್ನನ್ನು ಕಂಡು ಮೊದಲು ನೋಡಿದ್ದು ನನ್ನ ಕೈಗಳನ್ನು.

"ಬರ್ರಿ ಅಕ್ಕಾರ. ಕುಂದರ್ರಿ."

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಅಂದುಬಿಟ್ಟೆ: "ಹಾಲಮ್ಮಾ, ಇನ್ಮೇಲೆ ಡಬ್ಬಿ ಖಾಲಿನೇ ಕೊಡಿ. ಏನೂ ಹಾಕಬೇಡಿ. ನಾನೇನೂ ಅಂದ್ಕೊಳ್ಳಲ್ಲ."

ಒಳ್ಳೆಯ ಮಾತು ಹೇಳಿದೆನೆಂದು ನನಗನ್ನಿಸಿತು. ಹಾಲಮ್ಮ ಊದುಗೊಳವೆ ಕೆಳಗಿಟ್ಟಳು.

"ರತ್ನಕ್ಕಾರ ಮನಿ ಡಬ್ಬಿನ ನೀವು ಖಾಲಿ ಕೊಡ್ತೀರೇನ್ರಿ?"

ಕೊಡುವುದಿಲ್ಲ. ಹೋದ ವಾರ ಅವರ ಡಬ್ಬಿಗೆ ಚಕ್ಕುಲಿ ಹಾಕಿ ಕೊಟ್ಟಿದ್ದೆ.

"ಮತ್ತೆ? ನಿಮಗೊಂದು ಪದ್ಧತಿ, ನಮಗೊಂದು ಪದ್ಧತಿನಾ? ನಮ್ಮವ್ವನೂ ನಂಗ ಅದನ್ನೇ ಕಲಿಸಿದ್ದು ಅಕ್ಕಾರ."

"ಮೊನ್ನೆ ಕವರಲ್ಲಿ ಇಟ್ಟು ಹೋದ್ನಲ್ಲ. ಅದು ವಾಪಸ್ ಕೊಡೋದಲ್ವಲ್ಲ."

"ಚಿಲಕಕ್ಕೆ ಸಿಗಿಸಿ ಹೋದ್ರೆ ಅದು ಕೊಟ್ಟಂಗಲ್ರಿ. ಹಾಕಿ ಹೋದಂಗೆ." ಹಾಗೆಂದು ಒಲೆಗೆ ಇನ್ನೊಂದು ದಂಟು ತುರುಕಿದಳು. "ನಂದೂ ತಪ್ಪೈತಿ ಬಿಡ್ರಿ. ಒಳಗ ಕುಂತು ಬಾಗಿಲು ತೆಗೀಲಿಲ್ಲ. ಕವಿತಾ ಬೈದ್ಲು. 'ಅವ್ವಾ, ಅವ್ರು ಬಿಸಿಲಾಗ ನಿಂತಾರ' ಅಂತ."

ಒಳಗಿನಿಂದ ಕವಿತಾ ಬಂದು ಬಾಗಿಲಿಗೆ ಒರಗಿ ನಿಂತಳು. ಹುಡುಗಿಯ ತುಟಿ ಬಿಳಿಚಿತ್ತು. ನಾಲ್ಕು ಹೆಜ್ಜೆಗೇ ಏದುಸಿರು. ಆ ಮುಖ ನೋಡಿದ ಮೇಲೆ ಬರಿಗೈಯಲ್ಲಿ ಎದ್ದು ಹೋಗುವುದು ಹೇಗೆ? ಈ ಹಿತ್ತಿಲು ಬಿಟ್ಟು ಏಳುವ ಮೊದಲು ಏನಾದರೂ ಒಂದು ತೀರ್ಮಾನ ಆಗಲೇಬೇಕು ಎಂದು ಗಟ್ಟಿಯಾಗಿ ಕೂತೆ. ಮಾತು ಸಿಗದಾಗ ನಾವು ಹೆಂಗಸರು ಏನು ಮಾತಾಡುತ್ತೇವೆ? ಗಿಡ, ಬಳ್ಳಿ, ಹುಳ. ಅಲಸಂದೆಯ ಹೇನಿನ ಕಥೆ ತೆಗೆದೆ. ಬೇವಿನೆಣ್ಣೆ, ಸೋಪಿನ ನೀರು, ಎಲ್ಲ ಹೇಳಿದೆ.

ಹಾಲಮ್ಮ ನಕ್ಕಳು. "ಹೇನಿಗೆ ಯಾರಾರ ಸೋಪ್ ಹಚ್ಚಿ ಮೈ ತೊಳೀತಾರೇನ್ರಿ? ಬೂದಿ ಉಗ್ಗ್ರಿ, ತೆಳ್ಳಗ ಉದುರಿಸ್ರಿ. ನಸುಕಿನ್ಯಾಗ, ಎಲಿ ಮ್ಯಾಲೆ ಇಬ್ಬನಿ ಇರ್ತೈತಲ್ಲ, ಆಗ. ಬೂದಿ ಅಂಟಿ ಕುಂದ್ರತೈತಿ. ಮೂರ್ ದಿನ ಬಿಟ್ಟು ಇನ್ನೊಮ್ಮೆ."

"ಬೂದಿ ಎಲ್ಲಿಂದ ತರ್ಲಿ ಹಾಲಮ್ಮಾ? ಎಂಟು ಮನೆಲೂ ಗ್ಯಾಸು. ಸ್ನಾನಕ್ಕೆ ಸೋಲಾರು. ಹುಡುಕಿದ್ರೂ ಒಂದು ಹಿಡಿ ಬೂದಿ ಸಿಗಲ್ಲ."

ಹೇಳಿ ಮುಗಿಸುವ ಮೊದಲೇ ನಾವಿಬ್ಬರೂ ಒಂದೇ ಕಡೆ ನೋಡಿದ್ದೆವು. ಬಚ್ಚಲ ಒಲೆಯ ಪಕ್ಕದಲ್ಲಿ ಮೊಣಕಾಲೆತ್ತರದ ಬೂದಿಯ ಗುಡ್ಡೆ.

ಹಾಲಮ್ಮ ನೆಟ್ಟಗೆ ಕೂತಳು. "ಎಷ್ಟು ಬೇಕು?"

ಆ 'ಎಷ್ಟು ಬೇಕು' ಎಂಬ ಮಾತನ್ನು ಅವಳು ಹೇಳಿದ ರೀತಿಯನ್ನು ನಾನು ಬರೆಯಲಾರೆ. ಅಷ್ಟು ದಿನ ಅದು ನನ್ನ ಮಾತಾಗಿತ್ತು.

"ವಾರಕ್ಕೆ ಮೂರು ಡಬ್ಬಿ ಆದ್ರೂ ಬೇಕು," ಅಂದೆ. "ಈ ಕಡೆಯಿಂದ ಸೊಪ್ಪು, ಆ ಕಡೆಯಿಂದ ಬೂದಿ."

"ಡಬ್ಬಿ ಯಾಕ್ರಿ? ಬಕೆಟ್ ತರ್ರಿ. ನೀವು ಉಗ್ಗಾದು ಬ್ಯಾಡ, ರಾಶಿ ಸುರುವಿ ಗಿಡ ಸುಟ್ಟೀರಿ. ನಾಳೆ ಕೂಲಿಗೆ ಹೋಗಾಕ ಮುಂಚೆ ನಾನೇ ಬರ್ತೀನಿ."

ಮನೆಗೆ ಬಂದು ವಿಷಯ ಹೇಳಿದಾಗ ಅತ್ತೆ ಗಾಬರಿಯಾದರು. "ಕೊಟ್ಟ ಪಾತ್ರೆಗೆ ಬೂದಿ ಹಾಕಿ ಕಳಿಸ್ತ್ರಾ? ಇದೆಂತ ಹೊಸ ಪದ್ಧತಿ?" ಹುಡುಕಿ, ಸುಣ್ಣ ಬಳಿದು ಉಳಿದಿದ್ದ ಹಳೇ ಪೇಂಟ್ ಬಕೆಟ್ಟನ್ನು ಅವರೇ ಉಜ್ಜಿ ಕೊಟ್ಟರು. ಸ್ಟೀಲ್ ಡಬ್ಬಿಗೆ ಶಾಪವಿಮೋಚನೆಯಾಯಿತು.

ಶುಕ್ರವಾರ ಆರು ಗಂಟೆಗೆ ಹಾಲಮ್ಮ ತೋಟದಲ್ಲಿದ್ದಳು. ಬೂದಿಯನ್ನು ರಾತ್ರಿಯೇ ಜರಡಿ ಹಿಡಿದಿದ್ದಳು. ಒಂದು ಕೆಂಡದ ಚೂರಿಲ್ಲ, ಮುಖಕ್ಕೆ ಹಚ್ಚುವ ಪೌಡರಿನ ಹಾಗಿತ್ತು. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ, ಬಳ್ಳಿಯ ಮೇಲೆ ಹಿಡಿದು ಮೆಲ್ಲಗೆ ತಟ್ಟುತ್ತಾ ಹೋದಳು. ಇಬ್ಬನಿಯ ಮೇಲೆ ಬೂದಿ ಕೂತಿತು. ನಾವು ಹಿಂದೆ ಹಿಂದೆ ನಡೆದೆವು, ಕಲಿಯುವ ಮಕ್ಕಳ ಹಾಗೆ. ಮೇಷ್ಟ್ರಮ್ಮನೂ ಸೇರಿ.

ಅರ್ಧ ಗಂಟೆ ನೋಡಿದ ರತ್ನಕ್ಕ ಕೊನೆಗೆ ತಡೆಯಲಾರದೆ ಕೇಳಿದರು: "ಹಾಲಮ್ಮಾ, ನಮ್ಮನೆ ಗುಲಾಬಿಗೂ ಇದೇ ಹೇನು ಕಣ್ರೀ. ಸ್ವಲ್ಪ ಬೂದಿ ನಂಗೂ ಸಿಗಬಹುದಾ?"

"ಯಾಕ್ ಸಿಗಂಗಿಲ್ಲ ಅಕ್ಕಾರ? ಬರ್ರಿ." ಹಾಲಮ್ಮ ಕೈ ಕೊಡವಿದಳು. "ಆದ್ರ ಖಾಲಿ ಡಬ್ಬಿ ಹಿಡ್ಕಂಡು ಬರಬ್ಯಾಡ್ರಿ ಮತ್ತೆ."

ರತ್ನಕ್ಕ ಮೊದಲು ನನ್ನ ಮುಖ ನೋಡಿದರು. ಆಮೇಲೆ ನಕ್ಕರು. ಬುಧವಾರ ಬರುವವರೆಗೆ ಕಾಯಲೇ ಇಲ್ಲ, ಅಲ್ಲೇ ಬದುವಿನ ಮೇಲೆ ನಿಂತು ಲೆಕ್ಕ ತಿದ್ದಿದರು: ಮನೆ ಎಂಟಲ್ಲ, ಒಂಬತ್ತು. ಹಾಲಮ್ಮನ ಪಾಳಿ ಮಂಗಳವಾರ ಮತ್ತು ಶುಕ್ರವಾರ, ಬೂದಿ ಮತ್ತು ಹುಳದ ಉಸ್ತುವಾರಿ. ಬಾಡಿಗೆಗೆ ಬಂದವರಿಗೆ ಬೇಕಿದ್ದರೆ ಅವರೂ ಒಂದು ಪಾಳಿ ಹಿಡಿಯಲಿ.

ಇದನ್ನು ಯಾಕಿಷ್ಟು ಉದ್ದ ಬರೆದೆ ಅಂದರೆ, ನಮ್ಮ ತೋಟದ ಬಗ್ಗೆ ಓದಿ ಚಂದ್ರಗುತ್ತಿ ಕಡೆಯ ಒಬ್ಬರು ಓದುಗರು ಫೋನ್ ಮಾಡಿ ಕೇಳಿದ್ದರು: 'ನಾವೂ ಶುರು ಮಾಡ್ತೀವಿ, ಬೀಜ ಯಾವುದು, ಗೊಬ್ಬರ ಎಷ್ಟು?' ಎಂದು. ಅವರಿಗೆ ಬೀಜದ ಪಟ್ಟಿ ಹೇಳಿದ್ದೆ. ಮಂಗಗಳ ಕಾಟಕ್ಕೆ ಏನು ಮಾಡಬೇಕು ಅದನ್ನೂ ಹೇಳಿದ್ದೆ (ಮಾಡಲು ಏನೂ ಇಲ್ಲ, ಅವುಗಳ ಪಾಲು ಹತ್ತನೆಯದು). ಈಗ ಒಂದು ಮಾತು ಸೇರಿಸುತ್ತೇನೆ. ಸೊಪ್ಪು ಬೆಳೆಯುವುದು ಸುಲಭ, ಇಪ್ಪತ್ತೈದು ದಿನದ ಕೆಲಸ. ಬೆಳೆದ ಸೊಪ್ಪು ಬೇಕಾದವರ ತಟ್ಟೆ ಮುಟ್ಟುವುದು ಕಷ್ಟ. ನಡುವೆ ಒಂದು ಡಬ್ಬಿ ಇರುತ್ತದೆ. ನೀವು ತುಂಬಿ ಕಳಿಸಿದ ಡಬ್ಬಿ ತುಂಬಿಯೇ ವಾಪಸ್ ಬಂದರೆ, ಆ ಮನೆಯಲ್ಲಿ ಏನು ಖಾಲಿಯಾಯಿತು ಎಂದು ಒಮ್ಮೆ ಯೋಚಿಸಿ.

ಹೇನು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಕವಿತಾಳ ಮುಂದಿನ ಚೆಕಪ್ಪಿಗೆ ಇನ್ನೂ ಹನ್ನೆರಡು ದಿನ. ಅಷ್ಟರಲ್ಲಿ ರಕ್ತ ಎಷ್ಟು ಏರುತ್ತದೋ ನನಗೆ ಗೊತ್ತಿಲ್ಲ. ಮಂಜುಳಾ ಮಾತ್ರೆ ಎಣಿಸುತ್ತಾಳೆ, ನಾನು ಬಕೆಟ್ ಎಣಿಸುತ್ತೇನೆ. ಆರು ಸಲ ಹೋಗಬೇಕು. ಹೋಗುತ್ತದೆ.

ಇವತ್ತು, ಅಂದರೆ ಈ ಬರಹ ಮುಗಿಸುತ್ತಿರುವ ಭಾನುವಾರ, ಹಾಲಮ್ಮನಿಗೆ ಕೂಲಿ ಇಲ್ಲ. ನಮ್ಮಲ್ಲಿ ಮಧ್ಯಾಹ್ನಕ್ಕೆ ಅಕ್ಕಿ ರೊಟ್ಟಿ, ಬೆಂಡೆಕಾಯಿ ಗೊಜ್ಜು, ಮಜ್ಜಿಗೆ. ಅತ್ತೆ ಒಂದೂವರೆ ರೊಟ್ಟಿ ತಿಂದು ಚಾಪೆ ಹಾಸಿಕೊಂಡರು. ಪಾತ್ರೆ ತೊಳೆದಿಟ್ಟು, ಬಕೆಟ್ಟಿನಲ್ಲಿ ನುಗ್ಗೆಸೊಪ್ಪು ತುಂಬಿಕೊಂಡು ಹಿಂದಿನ ಓಣಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ ಓಡುತ್ತಿತ್ತು. ಅವರ ಊಟ ಆಗಷ್ಟೇ ಮುಗಿದಿತ್ತು: ಜೋಳದ ರೊಟ್ಟಿ, ಹರಿವೆ ಸೊಪ್ಪಿನ ಪಲ್ಯ, ಹೆಸರುಕಾಳು. "ಎರಡು ರೊಟ್ಟಿ ಉಂಡ್ಲು ಅಕ್ಕಾರ," ಹಾಲಮ್ಮ ಪಿಸುಗುಟ್ಟಿದಳು, ಬೆರಳು ತುಟಿಯ ಮೇಲಿಟ್ಟು. ಕವಿತಾ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋಗಿದ್ದಳು.

ಟಿವಿಯನ್ನು ಯಾರೂ ಆಫ್ ಮಾಡಲಿಲ್ಲ.